ಸಮಾಜ ಅಂದ್ರೆ ಬಾಯಿಪಾಠ ತಾನೇ?

ಓದುಗರ ಪ್ರಶ್ನೆ: ಸರ್, ಮಗಳು ಈ ವರ್ಷ ಹತ್ತನೇ ಕ್ಲಾಸ್. ಗಣಿತ, ವಿಜ್ಞಾನಕ್ಕೆ ಟ್ಯೂಷನ್ ಹಾಕಿದ್ದೇವೆ. ಸಮಾಜ ಹೇಗೂ ಬಾಯಿಪಾಠ, ಕೊನೇ ಒಂದು ತಿಂಗಳು ಓದಿದರೆ ಸಾಕಲ್ವಾ?

ಸಾಲದು. ಪ್ರತಿ ಜೂನ್‌ನಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಈ ಸಲ ಸ್ವಲ್ಪ ಬಿಡಿಸಿ ಹೇಳ್ತೀನಿ.

ಒಂದೊಂದು ಪೀರಿಯಡ್‌ಗೂ ಮಕ್ಕಳ ಮುಖ ಬೇರೆ. ವಿಜ್ಞಾನ ಅಂದ್ರೆ ಲ್ಯಾಬ್‌ಗೆ ಕರೆದುಕೊಂಡು ಹೋಗ್ತಾರಾ ಅಂತ ಆಸೆ. ಗಣಿತ ಅಂದ್ರೆ ಭಯ. ನಾನು ಒಳಗೆ ಬಂದ ಕೂಡಲೇ ಮಾತ್ರ ಪೆನ್ನು ತೆಗೆದು, "ಸರ್, ಯಾವ ಸಾಲಿಗೆ ಗೆರೆ ಹಾಕಬೇಕು?" ಅಂತ ಕೇಳ್ತಾರೆ. ಇಸವಿ, ಹೆಸರು, ಮುಗೀತು. ಹಾಗಂತ ಅವರಿಗೆ ಹೇಳಿಕೊಟ್ಟವರು ನಾವು ದೊಡ್ಡವರೇ.

ನಾನು ಪಾಠ ಮಾಡೋದು ಕಲಬುರಗಿ ಕಡೆ. ಇಲ್ಲಿ ಸೆಪ್ಟೆಂಬರ್ 17ಕ್ಕೂ ಶಾಲೆಯಲ್ಲಿ ಧ್ವಜ ಹಾರಿಸುತ್ತೇವೆ. ಯಾಕೆ ಅಂತ ಕೇಳಿದ್ರೆ "1948" ಅಂತ ಇಡೀ ಕ್ಲಾಸು ಒಟ್ಟಿಗೆ ಕೂಗುತ್ತೆ. ಅದು ಇಸವಿ ಆಯ್ತು, ಕಾರಣ ಆಗಲಿಲ್ಲ. ಒಂದು ಸಲ ಹಿಂದಿನ ಬೆಂಚಿನ ಹುಡುಗ ಎದ್ದು, "ಸರ್, ನಮ್ ಮುತ್ಯಾನ ಹೊಲದ ಹಳೇ ಕಾಗದ ಉರ್ದುದಾಗ ಯಾಕ ಅವ ರೀ?" ಅಂದ. ಪಾಠ ಶುರುವಾಗಿದ್ದೇ ಅಲ್ಲಿಂದ. ಇದು ನಿಜಾಮರ ಹೈದರಾಬಾದ್ ಸಂಸ್ಥಾನ, ಆಡಳಿತ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. 1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮರು ಭಾರತಕ್ಕೆ ಸೇರಲಿಲ್ಲ, ಮುಂದಿನ ವರ್ಷ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ಶರಣಾದರು, ಆಮೇಲೂ ಕನ್ನಡದ ಜಿಲ್ಲೆಗಳೆಲ್ಲ ಒಂದು ರಾಜ್ಯ ಆಗೋಕೆ 1956ರ ನವೆಂಬರ್ 1ರವರೆಗೆ ಕಾಯಬೇಕಾಯ್ತು. ಈ ಭಾಗ ಹಿಂದೆ ಉಳಿದಿದೆ ಅಂತಲೇ 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ಬಂದು 371ಜೆ ಸೇರಿತು, ಅಂದ್ರೆ ಇಲ್ಲಿನವರಿಗೆ ಕಾಲೇಜ್ ಸೀಟು, ಸರ್ಕಾರಿ ಕೆಲಸಗಳಲ್ಲಿ ಮೀಸಲಾತಿ ಕೊಡೋಕೆ ಅವಕಾಶ ಮಾಡುವ ವಿಧಿ. ಅಣ್ಣ, ಅಕ್ಕ ಕಾಲೇಜ್ ಸೀಟಿಗೆ ಅರ್ಜಿ ಹಾಕುವಾಗ ಓಡಾಡಿ ಮಾಡಿಸ್ತಾರಲ್ಲ 371ಜೆ ಸರ್ಟಿಫಿಕೇಟ್, ಅದೇ. ಮುತ್ಯಾನ ಹೊಲದ ಕಾಗದದಿಂದ ಅಕ್ಕನ ಸೀಟಿನವರೆಗೆ ಒಂದೇ ಕಥೆ. ಆ ದಿನ ಯಾರೂ ಗೆರೆ ಹಾಕಲಿಲ್ಲ, ಇಸವಿ ಮಾತ್ರ ಯಾರೂ ಮರೆತಿಲ್ಲ. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ.

ಭೂಗೋಳವೂ ಅಷ್ಟೇ. "ಕಪ್ಪು ಮಣ್ಣು ತೇವ ಹಿಡಿದಿಡುತ್ತದೆ" ಅಂತ ಬರೆಯುವ ಹುಡುಗಿಯ ಚಪ್ಪಲಿಗೆ ಮಳೆಗಾಲದಲ್ಲಿ ಎರಡು ಬೆರಳು ದಪ್ಪ ಎರೆಮಣ್ಣು ಅಂಟಿರುತ್ತೆ. ಪುಸ್ತಕದ ಕಪ್ಪು ಮಣ್ಣು ಅಂದ್ರೆ ಇದೇ ಅಂತ ಅವಳಿಗೆ ಯಾರೂ ಹೇಳಿಲ್ಲ. ಮಳೆ ನಿಂತ ಮೇಲೂ ಆ ಮಣ್ಣಿನ ಆಳದಲ್ಲಿ ತೇವ ಇರುತ್ತೆ, ತೊಗರಿಯ ಬೇರು ಅಲ್ಲಿಗೆ ಇಳಿಯುತ್ತೆ. ಅದಕ್ಕೇ ಇಲ್ಲಿ ತೊಗರಿ ಜಾಸ್ತಿ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ವಿಶೇಷ ಅನ್ನುವ ಸರ್ಕಾರದ ಗುರುತು, ಸಿಕ್ಕಿತು. ಇಷ್ಟು ಗೊತ್ತಿದ್ದರೆ "ಕಾರಣ ಕೊಡಿ" ಅನ್ನುವ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಬರೆಯಬಹುದು. ಬಾಯಿಪಾಠ ಮಾಡಿದವರು ಮೊದಲ ಪದ ಮರೆತರೆ ಅಲ್ಲೇ ನಿಲ್ತಾರೆ.

ಇಸವಿ ಬೇಡ ಅಂತಲ್ಲ. ಇಸವಿ ಗೂಟ ಇದ್ದಂತೆ, ಕಟ್ಟೋಕೆ ಹಸುವೂ ಇರಬೇಕು.

ಇಷ್ಟಕ್ಕೂ ಬಾಯಿಪಾಠ ಎಲ್ಲಿ ಜಾಸ್ತಿ ಅಂತ ಯಾರೂ ಕೇಳಲ್ಲ. ನಾನು ನೋಡಿದ ಹಾಗೆ ಗಣಿತದಲ್ಲಿ! ಮಗ್ಗಿ ಬಾಯಿಪಾಠ ಇರಲೇಬೇಕು, ಸರಿ. ಆದರೆ ತ್ರಿಭುಜದ ಚಿತ್ರ ಬರೆದು ಮಾಡುವ ಥೇಲ್ಸ್ ಪ್ರಮೇಯದ ಸಾಧನೆಯನ್ನೂ ಪದ್ಯದ ಹಾಗೆ ಒಪ್ಪಿಸುವ ಮಕ್ಕಳಿದ್ದಾರೆ. ಎ, ಬಿ, ಸಿ ಇದ್ದ ಕಡೆ ಪಿ, ಕ್ಯೂ, ಆರ್ ಹಾಕಿ ಕೊಟ್ಟರೆ ಪೆನ್ನು ನಿಂತುಬಿಡುತ್ತೆ. ಟ್ಯೂಷನ್ ದುಡ್ಡು ಕೊಡ್ತಿದ್ದೀರಲ್ಲ, ಇವತ್ತು ರಾತ್ರಿ ಮಗಳಿಗೆ ಅಕ್ಷರ ಬದಲಿಸಿ ಆ ಚಿತ್ರ ಕೊಟ್ಟು ನೋಡಿ.