ಥಾರ್, ಓಡಿನ್ ದೇವರಿಗೆ ಈಗಲೂ ಬಲಿ ಕೊಡ್ತಾರಾ?

ಓದುಗರ ಪ್ರಶ್ನೆ: ಐಸ್‌ಲ್ಯಾಂಡಿನಲ್ಲಿ ಈ ಕಾಲದಲ್ಲೂ ಥಾರ್, ಓಡಿನ್ ದೇವರನ್ನು ಪೂಜಿಸುವ ಜನ ಇದ್ದಾರಂತೆ. ಅವರ ಪೂಜೆಗೆ ‘ಬ್ಲೋಟ್’ ಅಂತ ಹೆಸರು, ಅದರ ಅರ್ಥ ಬಲಿ ಅಂತ ಓದಿದೆ. ಹಾಗಾದರೆ ಈಗಲೂ ಪ್ರಾಣಿ ಕಡಿಯುತ್ತಾರಾ?

ಕಡಿಯುವುದಿಲ್ಲ. ಈ ಹಳೆಯ ದೇವರ ಧರ್ಮಕ್ಕೆ ಈಗ ‘ಆಸಾತ್ರು’ ಅಂತ ಹೆಸರು. ಅದನ್ನು ನಡೆಸುವ ಐಸ್‌ಲ್ಯಾಂಡಿನ ಆಸಾತ್ರು ಸಂಘ ಪ್ರಾಣಿ ಬಲಿಯನ್ನು ಒಪ್ಪುವುದೇ ಇಲ್ಲ. ಆದರೆ ನೀವು ಓದಿದ್ದೂ ತಪ್ಪಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ಆ ಪದಕ್ಕೆ ಬಲಿ ಕೊಟ್ಟು ಪೂಜಿಸುವುದು ಅಂತಲೇ ಅರ್ಥ. ಹೆಸರು ಉಳಿದಿದೆ, ರಕ್ತ ಹೋಗಿದೆ. ಉಳಿದಿದ್ದೇನು ಅನ್ನುವುದೇ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತೆ.

ಮೊದಲು ಹಳೆಯ ಬ್ಲೋಟ್ ನೋಡೋಣ. ಅದರ ಬಗ್ಗೆ ಚೆನ್ನಾಗಿ ಬರೆದಿಟ್ಟವನು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್. ಅವನು ಬದುಕಿದ್ದು 1179ರಿಂದ 1241ರವರೆಗೆ. ಸ್ವತಃ ಕ್ರೈಸ್ತ. ಪೂಜೆ ನಿಂತು ಇನ್ನೂರು ವರ್ಷ ದಾಟಿದ ಮೇಲೆ ಬರೆದಿದ್ದು. ಹಾಗಾಗಿ ಪ್ರತಿ ಮಾತನ್ನೂ ಕಣ್ಣಾರೆ ಕಂಡ ಸಾಕ್ಷಿ ಅಂತ ತಗೊಳ್ಳೋಕೆ ಆಗಲ್ಲ. ಅವನು ಹೇಳುವುದು ಹೀಗೆ: ರೈತರೆಲ್ಲ ಊಟದ ಸಾಮಾನು ಹೊತ್ತುಕೊಂಡು ಒಂದು ಕಡೆ ಸೇರುತ್ತಿದ್ದರು. ಕುದುರೆ, ದನ ಕಡಿಯುತ್ತಿದ್ದರು. ರಕ್ತವನ್ನು ಬಟ್ಟಲಲ್ಲಿ ಹಿಡಿದು, ಕಡ್ಡಿಯಿಂದ ಗೋಡೆಗೂ ಜನರಿಗೂ ಚಿಮುಕಿಸುತ್ತಿದ್ದರು. ಮಾಂಸ ದೊಡ್ಡ ಕಡಾಯಿಗಳಲ್ಲಿ ಬೇಯುತ್ತಿತ್ತು. ಆಮೇಲೆ ಕುಡಿಯುವ ಸರದಿ. ಮೊದಲ ಬಟ್ಟಲು ಓಡಿನ್‌ಗೆ, ಗೆಲುವಿಗಾಗಿ. ನಂತರ ನ್ಯೋರ್ಡ್ ಮತ್ತು ಫ್ರೇಯರ್ ಎಂಬ ದೇವರುಗಳಿಗೆ, ಒಳ್ಳೆಯ ಬೆಳೆ ಮತ್ತು ನೆಮ್ಮದಿಗಾಗಿ. ಕೊನೆಗೆ ತೀರಿಹೋದ ಬಂಧುಗಳ ನೆನಪಿಗೆ.

ಸ್ನೋರಿ ಹೇಳುವ ಒಂದು ಪ್ರಸಂಗ ನನಗೆ ತುಂಬಾ ಇಷ್ಟ. 10ನೇ ಶತಮಾನದ ನಾರ್ವೆಯ ರಾಜ ಹಾಕೋನ್ ಇಂಗ್ಲೆಂಡಿನಲ್ಲಿ ಬೆಳೆದವನು, ಕ್ರೈಸ್ತ. ಪ್ರಜೆಗಳು ಇನ್ನೂ ಹಳೆಯ ದೇವರ ಕಡೆಯವರು. ರಾಜ ಪೂಜೆಗೆ ಬರಲೇಬೇಕು ಅಂತ ಅವರ ಹಠ. ಅವನ ಆಪ್ತ ಸಿಗುರ್ಡ್ ಓಡಿನ್ ಹೆಸರಲ್ಲಿ ಕೊಂಬು ತುಂಬಿ ಕೈಗೆ ಕೊಟ್ಟ. ರಾಜ ಕುಡಿಯುವ ಮೊದಲು ಅದರ ಮೇಲೆ ಶಿಲುಬೆಯ ಗುರುತು ಮಾಡಿದ. ಜನ ಸಿಟ್ಟಾದರು. ಆಗ ಸಿಗುರ್ಡ್ ಹೇಳಿದ: ಅದು ಶಿಲುಬೆ ಅಲ್ಲ, ಥಾರನ ಸುತ್ತಿಗೆಯ ಗುರುತು! ಆ ಕ್ಷಣಕ್ಕೆ ಜಗಳ ತಪ್ಪಿತು. ಎರಡು ನಂಬಿಕೆಗಳ ನಡುವೆ ಸಿಕ್ಕಿಕೊಂಡ ಕಾಲವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಕಥೆ ನಾನು ಓದಿಲ್ಲ.

ಐಸ್‌ಲ್ಯಾಂಡಿನಲ್ಲಿ ಆ ಕಾಲ ಮುಗಿದಿದ್ದು ಸುಮಾರು 1000ನೇ ಇಸವಿಯಲ್ಲಿ. ಥಿಂಗ್‌ವೆಟ್ಲಿರ್ ಅನ್ನುವ ಬಯಲಲ್ಲಿ ಇಡೀ ನಾಡಿನ ಸಭೆ ಸೇರಿತ್ತು. ಎರಡು ಗುಂಪು, ಹೊಡೆದಾಟದ ಹೊಸ್ತಿಲು. ತೀರ್ಮಾನವನ್ನು, ಸಭೆಯಲ್ಲಿ ಕಾನೂನು ಹೇಳುವ ಹೊಣೆ ಹೊತ್ತ ಥೋರ್ಗೇರ್ ಎಂಬವನಿಗೆ ಬಿಟ್ಟರು. ಅವನೇ ಹಳೆಯ ದೇವರ ಭಕ್ತ. ಒಂದು ಹಗಲು, ಒಂದು ರಾತ್ರಿ ಹೊದಿಕೆ ಹೊದ್ದು ಸುಮ್ಮನೆ ಮಲಗಿದ್ದ. ಎದ್ದು ಬಂದು, ನಾಡಿಗೆ ಒಂದೇ ಕಾನೂನು, ಒಂದೇ ‘ಸಿಥುರ್’ ಇರಲಿ, ಎಲ್ಲರೂ ಕ್ರೈಸ್ತರಾಗೋಣ ಅಂದ. ಯಾರೂ ನೋಡದ ಹಾಗೆ ಮನೆಯಲ್ಲಿ ಬ್ಲೋಟ್ ಮಾಡಿದರೆ ತಪ್ಪಿಲ್ಲ ಅಂತಲೂ ಸೇರಿಸಿದ. ಕೆಲವು ವರ್ಷಗಳಲ್ಲಿ ಆ ಅವಕಾಶವೂ ಹೋಯಿತು.

ಸಿಥುರ್ ಅಂದರೆ ನಡವಳಿಕೆ, ಪದ್ಧತಿ. ಆಗಿನ ಜನ ತಮ್ಮ ದೇವರ ವಿಷಯಕ್ಕೆ ಬಳಸುತ್ತಿದ್ದ ಪದ ಇದು. ಆಸಾತ್ರು ಅನ್ನುವ ಹೆಸರಲ್ಲಿ ‘ತ್ರು’ ಅಂದರೆ ನಂಬಿಕೆ. ಆದರೆ ಆ ಹೆಸರು ಹುಟ್ಟಿದ್ದು 19ನೇ ಶತಮಾನದಲ್ಲಿ. ‘ಏನು ನಂಬುತ್ತಾರೆ’ ಅಂತ ಕೇಳುವುದಕ್ಕಿಂತ ‘ಏನು ಮಾಡುತ್ತಾರೆ’ ಅಂತ ಕೇಳಿದರೆ ಈ ಜನ ಬೇಗ ಅರ್ಥವಾಗುತ್ತಾರೆ.

ಈಗಿನ ಸಂಘ ಶುರುವಾಗಿದ್ದು 1972ರ ಏಪ್ರಿಲ್‌ನಲ್ಲಿ, ಐಸ್‌ಲ್ಯಾಂಡಿನವರು ‘ಬೇಸಿಗೆಯ ಮೊದಲ ದಿನ’ ಅಂತ ಆಚರಿಸುವ ಗುರುವಾರ. ಮುಂದೆ ನಿಂತವನು ಸ್ವೇನ್‌ಬ್ಯೋರ್ನ್ ಬೇಂಟೇನ್‌ಸನ್. ಕುರಿ ಸಾಕುವ ರೈತ, ಕವಿ, ‘ರೀಮೂರ್’ ಅನ್ನುವ ಹಳೆಯ ಕಥನ ಪದ್ಯಗಳನ್ನು ರಾಗವಾಗಿ ಹಾಡುವುದರಲ್ಲಿ ಪಳಗಿದವನು. ಸರ್ಕಾರದ ಮಾನ್ಯತೆ ಕೇಳಿ ಮಂತ್ರಿಯನ್ನು ನೋಡಿ ಬಂದ ಸ್ವಲ್ಪ ಹೊತ್ತಿಗೇ ಸಿಡಿಲು ಬಡಿದು ಊರಿನ ದೀಪ ಆರಿತು ಅಂತ ಒಂದು ಕಥೆ ಇದೆ. ಥಾರ್ ಸಿಡಿಲಿನ ದೇವರು, ಇಂಥ ಕಥೆ ಹುಟ್ಟದೆ ಇರುತ್ತಾ! 1973ರಲ್ಲಿ ಮಾನ್ಯತೆ ಸಿಕ್ಕಿತು. ಅದೇ ಆಗಸ್ಟಿನಲ್ಲಿ ಅವನ ಜಮೀನಿನಲ್ಲಿ, ಎಲ್ಲರ ಎದುರು, ಬ್ಲೋಟ್ ನಡೆಯಿತು. 1993ರಲ್ಲಿ ಸಾಯುವ ತನಕ ಅವನೇ ಸಂಘದ ಮುಖ್ಯ ಪೂಜಾರಿ.

ಪದ್ಯದ ಮಾತು ಯಾಕೆ ಬಂತು ಅಂದರೆ, ಈ ಪೂಜೆಯ ಜೀವ ಇರುವುದೇ ಪದ್ಯದಲ್ಲಿ. ದೇವಸ್ಥಾನ ಉಳಿದಿರಲಿಲ್ಲ, ಪೂಜಾರಿ ಮನೆತನ ಉಳಿದಿರಲಿಲ್ಲ, ವಿಧಾನ ಹೇಳಿಕೊಡುವ ಪುಸ್ತಕವೂ ಇರಲಿಲ್ಲ. ಉಳಿದಿದ್ದು ಹಳೆಯ ದೇವರ, ವೀರರ ಕಥೆ ಹೇಳುವ ಎಡ್ಡಾ ಪದ್ಯಗಳು. ಲೋಕ ಹುಟ್ಟಿ ನಾಶವಾಗಿ ಮತ್ತೆ ಚಿಗುರುವುದನ್ನು ಹೇಳುವ ‘ವೋಲುಸ್ಪಾ’, ಬದುಕುವ ಬಗೆ ಹೇಳುವ ‘ಹಾವಮಾಲ್’ ಅಂಥವು. ಅವನ್ನು ಬರೆದಿಟ್ಟ 13ನೇ ಶತಮಾನದ ಹಸ್ತಪ್ರತಿ ಶತಮಾನಗಳ ಕಾಲ ಡೆನ್ಮಾರ್ಕಿನಲ್ಲಿತ್ತು. ಐಸ್‌ಲ್ಯಾಂಡಿಗೆ ವಾಪಸ್ಸು ಬಂದಿದ್ದು 1971ರ ಏಪ್ರಿಲ್‌ನಲ್ಲಿ. ಸಂಘ ಹುಟ್ಟುವುದಕ್ಕೆ ಸರಿಯಾಗಿ ಒಂದು ವರ್ಷ ಮೊದಲು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತ್ತು.

ಈಗಿನ ಬ್ಲೋಟ್ ಹೆಚ್ಚಾಗಿ ಬಯಲಲ್ಲೇ ನಡೆಯುತ್ತೆ. ಜನ ಬೆಂಕಿಯ ಸುತ್ತ ಉಂಗುರವಾಗಿ ನಿಲ್ಲುತ್ತಾರೆ. ಪೂಜೆ ನಡೆಸುವ ಗಂಡಸಿಗೆ ‘ಗೋಥಿ’, ಹೆಂಗಸಿಗೆ ‘ಗಿಥ್ಯಾ’ ಅನ್ನುತ್ತಾರೆ. ಅವರು ಆ ಜಾಗವನ್ನು ಪವಿತ್ರ ಅಂತ ಸಾರಿ, ಎಡ್ಡಾದ ಸಾಲು ಹೇಳುತ್ತಾರೆ. ನಂತರ ಪಾನೀಯ ತುಂಬಿದ ಕೊಂಬು ಕೈಯಿಂದ ಕೈಗೆ ಹೋಗುತ್ತೆ. ದೇವರಿಗೆ, ಭೂಮಿಗೆ, ಹಿರಿಯರಿಗೆ ಅಂತ ಹೇಳಿ ಕುಡಿಯುತ್ತಾರೆ, ಸ್ವಲ್ಪ ನೆಲಕ್ಕೂ ಸುರಿಯುತ್ತಾರೆ. ಆಮೇಲೆ ಎಲ್ಲರೂ ಕೂಡಿ ಊಟ. ಕಡಿಯುವುದೊಂದನ್ನು ಬಿಟ್ಟರೆ ಸ್ನೋರಿ ಬರೆದ ಮೈಕಟ್ಟು ಹಾಗೇ ಇದೆ ನೋಡಿ.

ವರ್ಷದಲ್ಲಿ ದೊಡ್ಡ ಬ್ಲೋಟ್ ನಾಲ್ಕು. ಚಳಿಗಾಲದ ಅತಿ ಉದ್ದದ ರಾತ್ರಿ ಬರುವ ‘ಯೋಲ್’, ಏಪ್ರಿಲ್‌ನಲ್ಲಿ ಬೇಸಿಗೆಯ ಮೊದಲ ದಿನದ್ದು, ಬೇಸಿಗೆಯ ನಡುವೆ ಥಿಂಗ್‌ವೆಟ್ಲಿರ್ ಬಯಲಿನದ್ದು, ಅಕ್ಟೋಬರ್ ಕೊನೆಯಲ್ಲಿ ಚಳಿಗಾಲ ಕಾಲಿಡುವಾಗಿನದ್ದು. ಇವುಗಳ ಜೊತೆಗೆ ಡಿಸೆಂಬರ್ 1ರಂದು ‘ಲಾಂಡ್‌ವೈಟಿರ್’ ಹೆಸರಿನಲ್ಲಿ ಇನ್ನೊಂದಿದೆ.

ಲಾಂಡ್‌ವೈಟಿರ್ ಅಂದರೆ ನೆಲವನ್ನು ಕಾಯುವ ಶಕ್ತಿಗಳು. ಬೆಟ್ಟ, ಬಂಡೆ, ಹೊಳೆಯಲ್ಲಿ ವಾಸ. ಸ್ನೋರಿ ಹೇಳುವ ಕಥೆಯಲ್ಲಿ ನಾಡಿನ ನಾಲ್ಕು ದಿಕ್ಕಿಗೆ ನಾಲ್ವರು ಕಾವಲುಗಾರರು: ಘಟಸರ್ಪ, ದೊಡ್ಡ ಹಕ್ಕಿ, ಗೂಳಿ, ಬೆಟ್ಟದ ದೈತ್ಯ. ಐಸ್‌ಲ್ಯಾಂಡಿನ ರಾಷ್ಟ್ರಲಾಂಛನದಲ್ಲಿ ಇವತ್ತಿಗೂ ಈ ನಾಲ್ಕೂ ಇವೆ. ಅಲ್ಲಿನ ಹಳೆಯ ಕಾನೂನಿನ ಒಂದು ಮಾತು ಇನ್ನೂ ಚೆಂದ. ದಡ ಕಣ್ಣಿಗೆ ಬೀಳುವ ಮೊದಲು ಹಡಗಿನ ಮೂತಿಯಲ್ಲಿರುವ ಬಾಯಿ ತೆರೆದ ಮೃಗದ ತಲೆಯನ್ನು ತೆಗೆದಿಡಬೇಕಿತ್ತು. ಯಾಕೆ? ನೆಲದ ಶಕ್ತಿಗಳು ಬೆದರಬಾರದು ಅಂತ! ಈ ಧರ್ಮದ ಹೃದಯ ಓಡಿನ್‌ಗಿಂತ ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಸಿನಿಮಾ ನೋಡಿ ಥಾರನನ್ನು ಬಲ್ಲವರಿಗೆ ಇದು ಗೊತ್ತೇ ಆಗಲ್ಲ.

ಹೆಸರಿಡುವುದು, ಮದುವೆ, ಶವಸಂಸ್ಕಾರ ಎಲ್ಲವನ್ನೂ ಸಂಘವೇ ನಡೆಸುತ್ತೆ. ಮದುವೆಯಲ್ಲಿ ಜೋಡಿ ದೊಡ್ಡ ಉಂಗುರ ಹಿಡಿದು ಮಾತು ಕೊಡುತ್ತಾರೆ. ಗಂಡು-ಗಂಡು, ಹೆಣ್ಣು-ಹೆಣ್ಣು ಮದುವೆಯನ್ನೂ ಸಂಘ ನಡೆಸುತ್ತೆ. ಅದಕ್ಕಾಗಿ ಹೊರದೇಶಗಳಿಂದ ಬೈಗುಳದ ಪತ್ರಗಳೂ ಬಂದಿವೆ. ಬೇರೆ ಕಡೆ ಕೆಲವು ಜನಾಂಗದ್ವೇಷಿ ಗುಂಪುಗಳು ಇದೇ ದೇವರನ್ನು, ಇದೇ ಗುರುತುಗಳನ್ನು ಬಳಸುತ್ತವೆ. ಐಸ್‌ಲ್ಯಾಂಡಿನ ಸಂಘ ಅಂಥವರಿಂದ ದೂರ ಎಂದು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಸುತ್ತಿಗೆಯ ಪದಕ ಹಾಕಿದವರೆಲ್ಲ ಒಂದೇ ಅಂತ ದಯವಿಟ್ಟು ತಿಳಿಯಬೇಡಿ.

ಈಗಿನ ಮುಖ್ಯಸ್ಥ ಹಿಲ್ಮಾರ್ ಓರ್ನ್ ಹಿಲ್ಮಾರ್ಸನ್, ಸಂಗೀತ ಸಂಯೋಜಕ. ಎಂಟು ಕಾಲಿನ ಕುದುರೆ ಏರಿ ಓಡಾಡುವ ಒಂಟಿ ಕಣ್ಣಿನ ಮುದುಕ (ಕಥೆಗಳಲ್ಲಿ ಓಡಿನ್ ಇರುವುದು ಹೀಗೆ) ನಿಜವಾಗಿ ಇದ್ದಾನೆ ಅಂತ ಯಾರೂ ನಂಬಲಿಕ್ಕಿಲ್ಲ, ಈ ಕಥೆಗಳು ಪ್ರಕೃತಿಯ ಮತ್ತು ಮನಸ್ಸಿನ ಶಕ್ತಿಗಳ ರೂಪಕ ಅನ್ನುವ ಅರ್ಥದಲ್ಲಿ ಅವರು 2015ರಲ್ಲಿ ಮಾತಾಡಿದ್ದರು. ನಂಬುವವರಿಗೂ ಅಡ್ಡಿಯಿಲ್ಲ. ಹನ್ನೆರಡು ಜನರಿಂದ ಶುರುವಾದ ಸಂಘದಲ್ಲಿ ಈಗ 5000ಕ್ಕಿಂತ ಜಾಸ್ತಿ ಜನ ಇದ್ದಾರೆ. ನಾಡಿನ ಜನಸಂಖ್ಯೆಯೇ ನಾಲ್ಕು ಲಕ್ಷದ ಆಸುಪಾಸು ಅನ್ನುವುದು ನೆನಪಿರಲಿ. ರೇಕ್ಯಾವಿಕ್ ನಗರದ ಗುಡ್ಡವೊಂದರಲ್ಲಿ ದೇವಸ್ಥಾನ ಕಟ್ಟಲು 2015ರ ಮಾರ್ಚ್ 20ರಂದು, ಸೂರ್ಯಗ್ರಹಣದ ಹೊತ್ತಿಗೆ, ಮಣ್ಣು ಅಗೆದರು. ಕೆಲಸ ಅಂದುಕೊಂಡಿದ್ದಕ್ಕಿಂತ ತುಂಬಾ ತಡವಾಯಿತು.

ನೀವು ಎಂದಾದರೂ ಆ ಕಡೆ ಹೋದರೆ, ಬ್ಲೋಟ್‌ಗೆ ಹೊರಗಿನವರೂ ಹೋಗಬಹುದು. ಬೇಸಿಗೆ ಅಂತ ಹೆಸರಿದ್ದರೂ ದಪ್ಪ ಕೋಟು ಬೇಕೇ ಬೇಕು. ಕೊಂಬು ನಿಮ್ಮ ಕೈಗೆ ಬಂದರೆ ಗಾಬರಿ ಆಗಬೇಡಿ, ಓಡಿನ್ ಹೆಸರೇ ಹೇಳಬೇಕು ಅಂತೇನಿಲ್ಲ. ಸ್ನೋರಿ ಹೇಳಿದ ಕೊನೆಯ ಬಟ್ಟಲು ನೆನಪಿದೆ ಅಲ್ವಾ? ತೀರಿಹೋದ ನಿಮ್ಮ ಅಜ್ಜಿಯ ಹೆಸರು ಹೇಳಿದರೂ ಸಾಕು.