ಕೆಸುವಿನೆಲೆಯಾದ ಜಾಲರಿ

ಆಷಾಢದ ಸೋನೆ ಹಿಡಿದರೆ ಮೈಸೂರಿನಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಮುಗ್ಗಲು ವಾಸನೆ ಹೊಡೆಯುತ್ತಲೇ ಇರುತ್ತದೆ. ಅದಕ್ಕೇ ಕುವೆಂಪುನಗರದ ನಮ್ಮ ಚಿಕ್ಕಮ್ಮ ಡ್ರೈಯರ್ ತಂದದ್ದು. ಮೊನ್ನೆ ಫೋನ್ ಮಾಡಿ, "ನೋಡೋ, ಎರಡೂವರೆ ಗಂಟೆ ತಿರುಗಿದೆ, ಚಿಕ್ಕಪ್ಪನ ಪ್ಯಾಂಟಿನ ಸೊಂಟ ಇನ್ನೂ ಹಸಿ. ಕಾಯಿಲ್ ಹೋಗಿರಬೇಕು" ಅಂದರು.

ಹೋಗಿ ಡ್ರಮ್ಮಿನೊಳಗೆ ಕೈಯಿಟ್ಟೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ. ಗಾಳಿ ಕಾಯಿಸುವ ಕಾಯಿಲ್ ಸುಟ್ಟಿದ್ದರೆ ತಣ್ಣನೆ ಗಾಳಿ ಬರಬೇಕಿತ್ತು. ಬಿಸಿಯೂ ಇದೆ, ಬಟ್ಟೆಯೂ ಹಸಿ ಅಂದರೆ ಗಾಳಿ ಎಲ್ಲೋ ಸಿಕ್ಕಿಕೊಂಡಿದೆ. ಒಂದು ಘನ ಮೀಟರ್ ಗಾಳಿ 30 ಡಿಗ್ರಿಯಲ್ಲಿ ಹೆಚ್ಚೆಂದರೆ 30 ಗ್ರಾಂ ನೀರಾವಿ ಹೊರುತ್ತದೆ, 60 ಡಿಗ್ರಿಯಲ್ಲಿ ಸುಮಾರು 130 ಗ್ರಾಂ. ಗಾಳಿಯನ್ನು ಕಾಯಿಸುವುದು ಇದಕ್ಕೇ. ಹೊರೆ ಹೊತ್ತ ಗಾಳಿಗೆ ಹೊರದಾರಿಯೇ ಇಲ್ಲದಿದ್ದರೆ ಡ್ರಮ್ಮು ಬಟ್ಟೆಯನ್ನು ಬೇಯಿಸುತ್ತದೆ, ಅಷ್ಟೇ.

ಜುಂಗು ಹಿಡಿಯುವ ಜಾಲರಿಯನ್ನು ಚಿಕ್ಕಮ್ಮ ಪ್ರತಿ ಸಲ ಸವರಿ ತೆಗೆಯುತ್ತಾರೆ. ನೋಡಲು ಶುಭ್ರವಾಗಿಯೇ ಇತ್ತು. ಆದರೂ ಅನುಮಾನ ಬಂದು ನಲ್ಲಿಯ ಕೆಳಗೆ ಹಿಡಿದೆ. ನೀರು ಕೆಳಗಿಳಿಯಲಿಲ್ಲ, ಕೆಸುವಿನೆಲೆಯ ಮೇಲಿನಂತೆ ಮಣಿಮಣಿಯಾಗಿ ಕೂತಿತು! ಬಟ್ಟೆ ಮೆತ್ತಗಾಗಲೆಂದು ಹಾಕುವ ಘಮಘಮ ದ್ರವದ ಜಿಡ್ಡು ಕಣ್ಣಿಗೆ ಕಾಣದಂತೆ ತೂತುಗಳನ್ನು ಕಟ್ಟಿತ್ತು. ಹಳೆಯ ಟೂತ್‌ಬ್ರಷ್, ಪಾತ್ರೆ ಸೋಪು, ಐದು ನಿಮಿಷ. ಆಮೇಲೆ ನೀರು ಸರಾಗವಾಗಿ ಇಳಿಯಿತು.

ಪ್ಲಗ್ ಕಿತ್ತು ಯಂತ್ರವನ್ನು ಮುಂದೆಳೆದರೆ ಹಿಂದಿನ ಪೈಪು ಗೋಡೆಗೆ ಒತ್ತಿ ಚಪ್ಪಟೆಯಾಗಿತ್ತು. ಅದರ ಬಾಯಿಯೂ ಯುಟಿಲಿಟಿಯೊಳಕ್ಕೇ. ಇರಚಲು ಹೊಡೆಯುತ್ತದೆಂದು ಕಿಟಕಿ ಭದ್ರ. ಉಗುಳಿದ ಹಬೆಯನ್ನೇ ಯಂತ್ರ ಮತ್ತೆ ಕುಡಿಯುತ್ತಿತ್ತು. ಪೈಪಿನೊಳಗಿಂದ ಬೆಕ್ಕಿನ ಮರಿ ಗಾತ್ರದ ಬೂದು ಜುಂಗು ಹೊರಬಂತು. ಇದಕ್ಕೆ ಬೆಂಕಿ ಹತ್ತುವುದು ಬಲು ಸುಲಭ, ಹಾಗಾಗಿ ಇದು ಬರೀ ಕರೆಂಟು ಬಿಲ್ಲಿನ ಮಾತಲ್ಲ.

ಇನ್ನೊಂದು ಲೆಕ್ಕ ವಾಷಿಂಗ್ ಮೆಷಿನ್ನಿನದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಡ್ರೈಯರಿನ 2,000 ವ್ಯಾಟಿನ ಹೀಟರ್ ಒಂದಿಷ್ಟೂ ಪೋಲು ಮಾಡದಿದ್ದರೂ ಮೂರು ಲೀಟರಿಗೆ ಒಂದು ಗಂಟೆ. ಅದೇ ನೀರನ್ನು ಗಿರಗಿರನೆ ತಿರುಗಿಸಿ ಹಿಂಡಲು ಇದರ ಚೂರುಪಾರು ಕರೆಂಟು ಸಾಕು. ಚಿಕ್ಕಮ್ಮ ಮಾತ್ರ ಬಟ್ಟೆ ಸವೆಯುತ್ತದೆಂದು ಸ್ಪಿನ್ನನ್ನು ನಿಮಿಷಕ್ಕೆ 400 ಸುತ್ತಿಗೇ ಇಟ್ಟಿದ್ದರು. ಪ್ಯಾಂಟು, ಟವಲ್ಲುಗಳಿಗೆ 1,000 ಮಾಡಲು ಒಪ್ಪಿದರು. ತಮ್ಮ ಕಾಟನ್ ಸೀರೆಗಳನ್ನು ಮಾತ್ರ ಈಗಲೂ ನಡುಮನೆಯ ಫ್ಯಾನಿನ ಕೆಳಗೆ, ಕುರ್ಚಿಗಳ ಮೇಲೆಯೇ ಹರವುತ್ತಾರೆ.