ದೌಂಡ್ ಕಡೆ ಮಳೆ ನಿಜಕ್ಕೂ ಕಡಿಮೆಯಾಗಿದೆಯೆ? ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ನಾವು ಪುಣೆಯ ಹಡಪಸರದಲ್ಲಿದ್ದೇವೆ, ದೌಂಡ್ ತಾಲ್ಲೂಕಿನಲ್ಲಿ ಸ್ವಲ್ಪ ಜಮೀನಿದೆ. ಮೊದಲಿನಂಥ ಮಳೆ ಈಗಿಲ್ಲ, ಬಿಸಿಲೂ ಹೆಚ್ಚಿದೆ ಅಂತಾರೆ ಊರವರು. ನಾವೇ ಅಂಕಿಅಂಶ ತೆಗೆದು ನೋಡಬಹುದೆ?

ಧಾರಾಳವಾಗಿ ನೋಡಬಹುದು. ಅಂಕಿಅಂಶಕ್ಕೆ ದೂರ ಹೋಗಬೇಕಾಗಿಲ್ಲ. ಶಿವಾಜಿನಗರದಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಕಚೇರಿಯ ಜಾಲತಾಣದಲ್ಲಿ 1901ರಿಂದ ಈಚಿನ ದೈನಂದಿನ ಮಳೆ ಅಕ್ಷಾಂಶ-ರೇಖಾಂಶದ 0.25 ಡಿಗ್ರಿ ಚೌಕಗಳಲ್ಲಿಯೂ, 1951ರಿಂದ ಈಚಿನ ಗರಿಷ್ಠ, ಕನಿಷ್ಠ ತಾಪಮಾನ 1 ಡಿಗ್ರಿ ಚೌಕಗಳಲ್ಲಿಯೂ ಉಚಿತವಾಗಿ ಸಿಗುತ್ತವೆ.

ಆದರೆ 0.25 ಡಿಗ್ರಿ ಎಂದರೆ ಸುಮಾರು 27 ಕಿ.ಮೀ. ಲೋಣಾವಳದಲ್ಲಿ ವರ್ಷಕ್ಕೆ 4000 ಮಿ.ಮೀ. ದಾಟುವ ಮಳೆ, ದೌಂಡ್, ಬಾರಾಮತಿ ತಲುಪುವ ಹೊತ್ತಿಗೆ 500ರ ಆಸುಪಾಸಿಗೆ ಇಳಿದಿರುತ್ತದೆ. ಘಟ್ಟದ ಅಂಚಿನ ಮಾವಳ, ಮುಳಶಿಯಲ್ಲಿ ಒಂದೇ ಚೌಕ ಎರಡು ಲೋಕಗಳನ್ನು ಬೆರೆಸಿಬಿಡುತ್ತದೆ. ಅಲ್ಲಿ ಅದನ್ನು ನಂಬಬೇಡಿ. ದೌಂಡಿನ ಬಯಲಿಗೆ ಪರವಾಗಿಲ್ಲ. ಆದರೂ ತಾಲ್ಲೂಕಿನ ಮಳೆಮಾಪಕದ ದಾಖಲೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮಾಪಕವಿಲ್ಲದ ಚೌಕದ ಅಂಕಿ ನೆರೆಯವುಗಳಿಂದ ಅಂದಾಜು ಮಾಡಿದ್ದು.

ಮೊದಲ ಕೆಲಸ ಶುಚಿ ಮಾಡುವುದು, ಹೆಚ್ಚಿನವರು ಎಡವುವುದು ಇಲ್ಲೇ. ಕಡತದಲ್ಲಿ -999 ಎಂದಿದ್ದರೆ ದಾಖಲೆಯಿಲ್ಲ ಎಂದರ್ಥ. ಅದು ಕೂಡಿಕೆಗೆ ಸೇರಿದರೆ ಇಡೀ ವರ್ಷ ಕೆಡುತ್ತದೆ. ಕೈಬರಹದ ಪುಸ್ತಕದಲ್ಲಿ ಖಾಲಿ ಮನೆ ಸೊನ್ನೆಯಲ್ಲ. ಹಳೆಯ ಪುಟಗಳು ಅಂಗುಲದಲ್ಲಿದ್ದರೆ 25.4ರಿಂದ ಗುಣಿಸಿ. ಇಂದಿನ ತಾರೀಖಿನಲ್ಲಿ ಬರೆದ ಮಳೆ ನಿನ್ನೆ ಬೆಳಿಗ್ಗೆ 8:30ರಿಂದ ಇಂದು ಬೆಳಿಗ್ಗೆ 8:30ರವರೆಗಿನದು, ಉಪಗ್ರಹದ ಅಂಕಿಯೊಡನೆ ಹೋಲಿಸುವಾಗ ಒಂದು ದಿನ ಜಾರುವುದು ಇದರಿಂದಲೇ.

ಮಾಪಕದ ಜಾಗ ಬದಲಾಗಿದ್ದರೆ, ಅಥವಾ ಪಕ್ಕದ ಬೇವಿನ ಮರ ಬೆಳೆದು ಮರೆ ಮಾಡಿದ್ದರೆ, ಹವೆ ಬದಲಾಗದೆಯೂ ಮಳೆ ಇಳಿದಂತೆ ಕಾಣುತ್ತದೆ. ಅಡ್ಡವಿರುವ ವಸ್ತುವಿನ ಎತ್ತರದ ಎರಡರಷ್ಟಾದರೂ ದೂರ ಬೇಕು. ಪರೀಕ್ಷೆ ಹೀಗೆ: ನಿಮ್ಮ ಮಾಪಕದ ವಾರ್ಷಿಕ ಮಳೆಯನ್ನು ವರ್ಷವರ್ಷ ಕೂಡಿಸುತ್ತ ಹೋಗಿ, ಸುತ್ತಲ ನಾಲ್ಕೈದು ಮಾಪಕಗಳ ಸರಾಸರಿಯನ್ನೂ ಹಾಗೆಯೇ ಕೂಡಿಸಿ, ಒಂದರ ಎದುರು ಇನ್ನೊಂದನ್ನು ಗ್ರಾಫಿನಲ್ಲಿ ಗುರುತಿಸಿ. ನೆಟ್ಟಗಿದ್ದ ಗೆರೆ ಒಂದು ವರ್ಷದಲ್ಲಿ ಮುರಿದು ಬೇರೆ ಇಳಿಜಾರು ಹಿಡಿದರೆ ಅನುಮಾನ ಮಾಪಕದ ಮೇಲೆ.

ಈಗ ಪ್ರವೃತ್ತಿ, ಅಂದರೆ ವರ್ಷಗಳುದ್ದಕ್ಕೂ ಮಳೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು. ಎಕ್ಸೆಲ್ ಎಳೆಯುವ ನೇರ ಗೆರೆಗೆ ಒಂದೆರಡು ಅತಿವೃಷ್ಟಿಯ ವರ್ಷಗಳೇ ಸಾಕು, ವಾಲಿಬಿಡುತ್ತದೆ. ಮ್ಯಾನ್–ಕೆಂಡಾಲ್ ಪರೀಕ್ಷೆ ಮಾಡಿ: 30 ವರ್ಷಗಳಲ್ಲಿ 435 ಜೋಡಿ ಸಿಗುತ್ತವೆ. ಪ್ರತಿ ಜೋಡಿಯಲ್ಲೂ ನಂತರದ ವರ್ಷ ಹೆಚ್ಚಿದ್ದರೆ +1, ಕಡಿಮೆಯಿದ್ದರೆ -1. ಒಂದೇ ಅಂಕಿ ಮರುಕಳಿಸದಿದ್ದರೆ, ಮೊತ್ತ +111 ಅಥವಾ -111 ಮುಟ್ಟಿದಾಗ ಮಾತ್ರ ಶೇ. 95ರ ವಿಶ್ವಾಸದಲ್ಲಿ ಏರಿಕೆ, ಇಳಿಕೆ ಎನ್ನಬಹುದು. ವೇಗ ಎಷ್ಟೆಂದು ತಿಳಿಯಲು ಆ 435 ಜೋಡಿಗಳ ಇಳಿಜಾರನ್ನು (ಎರಡು ವರ್ಷಗಳ ಮಳೆಯ ವ್ಯತ್ಯಾಸವನ್ನು ಅವುಗಳ ನಡುವಿನ ವರ್ಷಗಳಿಂದ ಭಾಗಿಸಿದ್ದು) ಏರಿಕೆಯ ಕ್ರಮದಲ್ಲಿಟ್ಟು 218ನೆಯದನ್ನು ತೆಗೆದುಕೊಳ್ಳಿ.

ಆರಂಭದ ವರ್ಷವೂ ಮೋಸ ಮಾಡುತ್ತದೆ. 1972ರ ಬರದಿಂದ ಶುರು ಮಾಡಿದರೆ ಮಹಾರಾಷ್ಟ್ರದ ಬಯಲುನಾಡಿನಲ್ಲಿ ಮಳೆ ಏರಿದಂತೆಯೇ ಕಾಣುವ ಸಂಭವ ಹೆಚ್ಚು. ಮೂರು ನಾಲ್ಕು ಬೇರೆ ಬೇರೆ ವರ್ಷಗಳಿಂದ ಶುರು ಮಾಡಿ ನೋಡಿ. ಉತ್ತರ ತಿರುಗಿದರೆ ಅದು ಪ್ರವೃತ್ತಿಯೇ ಅಲ್ಲ.

ವಾರ್ಷಿಕ ಮೊತ್ತವೊಂದನ್ನೇ ನೋಡಿದರೆ ಊರವರ ಮಾತಿಗೆ ನ್ಯಾಯ ಸಿಗುವುದಿಲ್ಲ. ಮೊತ್ತ ಅಷ್ಟೇ ಇದ್ದು ಮಳೆಯ ದಿನಗಳು ಕಡಿಮೆಯಾಗಿದ್ದರೂ ರೈತನಿಗೆ ಅದು ಕಡಿಮೆ ಮಳೆಯೇ. ಹಾಗಾಗಿ 2.5 ಮಿ.ಮೀ. ಮುಟ್ಟಿದ ದಿನಗಳನ್ನು, 64.5 ದಾಟಿದ ಭಾರಿ ಮಳೆಯ ದಿನಗಳನ್ನು, ಜೂನ್–ಜುಲೈಯಲ್ಲಿ ಸತತವಾಗಿ ಒಣಗಿದ ದಿನಗಳನ್ನು ಬೇರೆಬೇರೆ ಎಣಿಸಿ. ಹಿಂಗಾರಿ ಜೋಳ ಹಾಕುವವರಿಗೆ ಉತ್ತರೆ, ಹಸ್ತ ಮಳೆಯ ಲೆಕ್ಕವೇ ಮುಖ್ಯ: ಸೆಪ್ಟೆಂಬರ್ 13ರಿಂದ ಅಕ್ಟೋಬರ್ 10ರವರೆಗಿನದನ್ನು ಪ್ರತ್ಯೇಕವಾಗಿ ಕೂಡಿಸಿ.

ತಾಪಮಾನ ವರ್ಷದಿಂದ ವರ್ಷಕ್ಕೆ ಮಳೆಯಷ್ಟು ಏರುಪೇರಾಗದ ಕಾರಣ ಅದರ ಪ್ರವೃತ್ತಿ ಬೇಗ ಗೊತ್ತಾಗುತ್ತದೆ. ಗರಿಷ್ಠ, ಕನಿಷ್ಠ ಎರಡನ್ನೂ ಪ್ರತ್ಯೇಕವಾಗಿ, ತಿಂಗಳವಾರು ನೋಡಿ. ಶಿವಾಜಿನಗರ ಕೇಂದ್ರದ ಅಂಕಿಯನ್ನು ಮಾತ್ರ ಹಳ್ಳಿಗೆ ಅಂಟಿಸಬೇಡಿ. ಸುತ್ತಲಿನ ಕಾಂಕ್ರೀಟು ಹಗಲು ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತದೆ, ಅಲ್ಲಿನ ಕನಿಷ್ಠ ತಾಪಮಾನದಲ್ಲಿ ನಗರದ ಪಾಲೂ ಸೇರಿರುತ್ತದೆ.